ಸ್ಟೀಲಿಗೆ ಕನ್ನಡಿಯ ಹೊಳಪು: ವಿದ್ಯುತ್ ಪಾಲಿಶ್ ಮಾಡುವ ಬಗೆ

ಮೆಟ್ಟಿಲಿಗೆ, ಬಾಲ್ಕನಿಗೆ, ಗುಡಿಯ ಸರದಿ ಸಾಲಿಗೆ ಸ್ಟೀಲ್ ರೇಲಿಂಗ್ ಹಾಕಿಸುವುದು ಯಾದಗಿರಿ, ಶಹಾಪುರ, ಸುರಪುರದಲ್ಲಿ ಈಗ ಸಾಮಾನ್ಯ. ಹಾಕಿಸಿದ ದಿನ ಥಳಥಳ ಹೊಳೆಯುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಪೈಪು ಹಾಗೆಯೇ ಇದ್ದರೂ ಬೆಸುಗೆ ಹಾಕಿದ ಜಾಗದಲ್ಲಿ ಕಂದು ಕಲೆ ಏಳುತ್ತದೆ. “ಸ್ಟೀಲ್ ಅಂತ ಹೇಳಿ ಕೊಟ್ಟೀರಿ, ಇಲ್ಲಿ ನೋಡ್ರಿ ಜಂಗ್ ಹತ್ಯಾದ” ಎಂದು ಗಿರಾಕಿ ಅಂಗಡಿಗೆ ಬರುತ್ತಾನೆ. ಅಂಗಡಿಯವರು ಬಫಿಂಗ್ ಚಕ್ರ ಹಿಡಿದು ಉಜ್ಜಿ ಕೊಡುತ್ತಾರೆ. ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಅದೇ ಕಲೆ.

ನೀವು ಫ್ಯಾಬ್ರಿಕೇಶನ್ ಅಂಗಡಿ ಇಟ್ಟವರಾಗಿರಲಿ, ಐಟಿಐಯಲ್ಲಿ ಫಿಟ್ಟರ್ ಅಥವಾ ವೆಲ್ಡರ್ ಕಲಿಯುತ್ತಿರುವವರಾಗಿರಲಿ, ಈ ತೊಂದರೆಗೆ ಒಂದು ಒಳ್ಳೆಯ ಉತ್ತರ ವಿದ್ಯುತ್ ಪಾಲಿಶ್. ಕಾರ್ಖಾನೆಯವರು ಇದನ್ನು ಎಲೆಕ್ಟ್ರೋಪಾಲಿಶಿಂಗ್ ಎನ್ನುತ್ತಾರೆ. ಹಾಲಿನ ಡೇರಿಯ ಪೈಪು, ಔಷಧ ಕಾರ್ಖಾನೆಯ ರಿಯಾಕ್ಟರು, ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಒಪ್ಪ ಬರುವುದು ಹೆಚ್ಚಾಗಿ ಹೀಗೆಯೇ. 1930ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಜಾಕೆ ಎಂಬ ವಿಜ್ಞಾನಿ ಇದನ್ನು ಶಾಸ್ತ್ರೀಯವಾಗಿ ಬೆಳೆಸಿದ. ಎರಡನೆಯ ಮಹಾಯುದ್ಧದ ನಂತರ ಇದು ಕಾರ್ಖಾನೆಗಳಿಗೆ ಇಳಿಯಿತು. ಇತಿಹಾಸ ಇಷ್ಟು ಸಾಕು.

ಒಂದು ಮಾತು ಮೊದಲೇ ತಿಳಿದಿರಲಿ. ಆಸಿಡ್ ತೊಟ್ಟಿಯಲ್ಲಿ ಕಳೆಯುವುದು ಕೆಲವೇ ನಿಮಿಷ. ಅದಕ್ಕೂ ಮೊದಲು ಲೋಹವನ್ನು ಗುರುತಿಸಿದ್ದು, ಉಜ್ಜಿದ್ದು, ತೊಳೆದದ್ದು ಸರಿಯಿದ್ದರೆ ಮಾತ್ರ ಮುಖ ಕಾಣುವ ಹೊಳಪು ಬರುತ್ತದೆ. ಆ ಕೆಲಸ ಕೆಟ್ಟಿದ್ದರೆ ತೊಟ್ಟಿ ಅದನ್ನು ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ.

ಹೊಳಪು ಬರುವುದು ಯಾಕೆ?

ಕಣ್ಣಿಗೆ ನುಣುಪಾಗಿ ಕಂಡ ಸ್ಟೀಲಿನ ಮೇಲೂ ಸೂಕ್ಷ್ಮವಾದ ಏರುತಗ್ಗು ಇರುತ್ತದೆ. ಬಫಿಂಗ್ ಚಕ್ರ ಈ ಏರುಗಳನ್ನು ಒತ್ತಿ, ಎಳೆದು, ತಗ್ಗಿನ ಮೇಲೆ ಮಡಚಿಬಿಡುತ್ತದೆ. ಮಡಿಕೆಯ ಕೆಳಗೆ ಪಾಲಿಶ್ ಮೇಣ, ದೂಳು, ಕಬ್ಬಿಣದ ಕಣ ಸಿಕ್ಕಿಕೊಳ್ಳುತ್ತವೆ. ಕಲೆ ಮತ್ತೆ ಏಳಲು ಇದೂ ಒಂದು ಕಾರಣ.

ವಿದ್ಯುತ್ ಪಾಲಿಶ್ ಲೋಹವನ್ನು ಮಡಚುವುದಿಲ್ಲ, ಕರಗಿಸುತ್ತದೆ. ಸ್ಟೀಲ್ ತುಂಡನ್ನು ಡಿಸಿ ವಿದ್ಯುತ್ತಿನ ಪ್ಲಸ್ ತಂತಿಗೆ ಕಟ್ಟಿ, ಮೈನಸ್ ತಂತಿಗೆ ಇನ್ನೊಂದು ಲೋಹದ ಹಾಳೆ ಕಟ್ಟಿ, ಎರಡನ್ನೂ ಗಾಢ ಆಸಿಡ್ ಮಿಶ್ರಣದಲ್ಲಿ ಇಳಿಬಿಟ್ಟರೆ ಪ್ಲಸ್ ಬದಿಯ ಲೋಹ ಕರಗತೊಡಗುತ್ತದೆ. ಇದು ಎಲೆಕ್ಟ್ರೋಪ್ಲೇಟಿಂಗ್‌ನ ತಿರುಗುಮುರುಗು. ಅಲ್ಲಿ ವಸ್ತುವಿನ ಮೇಲೆ ಲೋಹ ಕೂರುತ್ತದೆ, ಇಲ್ಲಿ ವಸ್ತುವಿನಿಂದ ಲೋಹ ಬಿಡುತ್ತದೆ.

ಕರಗಿದ ಲೋಹ ತುಂಡಿನ ಸುತ್ತ ಜಿಗುಟಾದ ಪದರವಾಗಿ ನಿಲ್ಲುತ್ತದೆ. ಹದ ಮಳೆಯಾದ ಮೇಲೆ ಎರೆ ಹೊಲ ನೋಡಿದ್ದೀರಲ್ಲ, ಸಾಲಿನೊಳಗೆ ಕೆಸರು ದಪ್ಪಗೆ ನಿಂತು ಬದುವಿನ ನೆತ್ತಿ ಬರಿದಾಗಿರುತ್ತದೆ. ಇಲ್ಲಿಯೂ ತಗ್ಗಿನಲ್ಲಿ ಪದರ ದಪ್ಪ, ಏರಿನ ಮೇಲೆ ತೆಳು. ಪದರ ತೆಳುವಾದಲ್ಲಿ ಕರಗುವಿಕೆ ಜೋರು, ದಪ್ಪವಾದಲ್ಲಿ ನಿಧಾನ. ಹೀಗೆ ಏರುಗಳು ಮೊದಲು ಕರಗಿ ಮೇಲ್ಮೈ ಸಮವಾಗುತ್ತದೆ. ಈ ಪದರವನ್ನು ಕಾಪಾಡುವುದೇ ಇಡೀ ಕೆಲಸದ ಗುಟ್ಟು. ಮುಂದೆ ಬರುವ ಉಷ್ಣತೆ, ವೋಲ್ಟೇಜು, ಅಲುಗಾಟದ ನಿಯಮಗಳೆಲ್ಲ ಇದಕ್ಕಾಗಿಯೇ ಇವೆ.

ಎರಡನೆಯ ಲಾಭ ಕಣ್ಣಿಗೆ ಕಾಣದ್ದು. ಸ್ಟೇನ್‌ಲೆಸ್ ಸ್ಟೀಲಿಗೆ ಜಂಗು ಹತ್ತದಿರಲು ಕಾರಣ ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ. ಅದಕ್ಕೆ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಬೇಕು. ಬೆಸುಗೆಯ ಶಾಖಕ್ಕೆ ನೀಲಿ, ಕಂದು ಬಣ್ಣ ಬಂದಲ್ಲಿ ಮೇಲಿನ ಕ್ರೋಮಿಯಂ ಆ ಬಣ್ಣದ ಪದರಕ್ಕೆ ಸೇರಿಹೋಗಿ, ಅದರ ಕೆಳಗಿನ ಲೋಹ ಕ್ರೋಮಿಯಂ ಕಳೆದುಕೊಂಡು ಬಡವಾಗಿರುತ್ತದೆ. ಮೊದಲು ಜಂಗು ಹಿಡಿಯುವುದು ಅಲ್ಲಿಯೇ. ವಿದ್ಯುತ್ ಪಾಲಿಶ್ ಆ ಬಣ್ಣವನ್ನೂ ಬಡ ಪದರವನ್ನೂ ಒಟ್ಟಿಗೆ ತೆಗೆದು, ಕ್ರೋಮಿಯಂ ಹೆಚ್ಚಿರುವ ಹೊಸ ಪೊರೆ ಕಟ್ಟಲು ಅನುವು ಮಾಡುತ್ತದೆ. ಬಫಿಂಗ್‌ಗೆ ಆಗದ ಕೆಲಸ ಇದು.

ಮೊದಲು ಲೋಹ ಯಾವುದೆಂದು ತಿಳಿಯಿರಿ

ಎಲ್ಲ ಸ್ಟೀಲಿಗೂ ಈ ವಿಧಾನ ಒಪ್ಪುವುದಿಲ್ಲ.

304 ಗ್ರೇಡ್: ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕೆಲ್. ವಿದ್ಯುತ್ ಪಾಲಿಶ್‌ಗೆ ಹೇಳಿಮಾಡಿಸಿದ ಲೋಹ. 316 ಗ್ರೇಡ್ ಇನ್ನೂ ಚೆನ್ನ.

202 ಗ್ರೇಡ್: ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ ಅಗ್ಗದ ಸ್ಟೀಲು. ಹೊಳಪು ಬರುತ್ತದೆ, ಆದರೆ ತಾಳಿಕೆ 304ರಷ್ಟಿಲ್ಲ. ರೇಲಿಂಗ್ ಪೈಪುಗಳಲ್ಲಿ ಇದು ಬಹಳ ಇದೆ.

430 ಗ್ರೇಡ್: ನಿಕ್ಕೆಲ್ ಇಲ್ಲದ, ಮ್ಯಾಗ್ನೆಟ್ ಹಿಡಿಯುವ ಸ್ಟೀಲು. ಪಾಲಿಶ್ ಆಗುತ್ತದೆ, ಆದರೆ ಮೊದಲು ಚಿಕ್ಕ ತುಂಡಿನ ಮೇಲೆ ಪರೀಕ್ಷಿಸಿ.

ಎಂ.ಎಸ್. (ಮೈಲ್ಡ್ ಸ್ಟೀಲ್), ಕಮಾನ್ ಪಟ್ಟಿ, ಬೀಡು ಕಬ್ಬಿಣ: ಇವುಗಳಲ್ಲಿರುವ ಕಾರ್ಬನ್ ಕರಗದೆ ಕಪ್ಪು ಮಸಿಯಾಗಿ ಉಳಿಯುತ್ತದೆ. ಹೊಳಪು ಬಂದರೂ ಕ್ರೋಮಿಯಂ ಪೊರೆ ಇಲ್ಲದ ಕಾರಣ ಬೇಗನೆ ಜಂಗು ಹಿಡಿಯುತ್ತದೆ. ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವ ಕಮ್ಮಾರ ಮನೆತನಗಳು ಕುಲುಮೆಯಲ್ಲಿ ಬಡಿಯುವ ಕುಡುಗೋಲು, ಕೊಡಲಿಗಳಿಗೆ ಎಮ್ರಿ ಉಜ್ಜಿ ಎಣ್ಣೆ ಸವರುವುದೇ ಸರಿ. ಅವನ್ನು ಈ ತೊಟ್ಟಿಗೆ ಇಳಿಸಬೇಡಿ.

202 ಮತ್ತು 304 ಎರಡಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಆದ್ದರಿಂದ “ಮ್ಯಾಗ್ನೆಟ್ ಹಿಡಿಯಲಿಲ್ಲ, ಒರಿಜಿನಲ್ 304” ಎಂಬ ಮಾತನ್ನು ನಂಬಬೇಡಿ. ಸ್ಟೀಲ್ ಅಂಗಡಿಗಳಲ್ಲಿ ಗ್ರೇಡ್ ಪರೀಕ್ಷೆಯ ದ್ರಾವಣದ ಚಿಕ್ಕ ಬಾಟಲಿ ಸಿಗುತ್ತದೆ. ಒಂದು ಹನಿ ಹಾಕಿ, 9 ವೋಲ್ಟ್ ಬ್ಯಾಟರಿ ತಾಗಿಸಿ, ಬರುವ ಬಣ್ಣವನ್ನು ಬಾಟಲಿಯ ಚೀಟಿಯ ಜೊತೆ ಹೋಲಿಸಿ ನೋಡಿ.

ಬೇಕಾಗುವ ಸಾಮಾನು

1. ಆಸಿಡ್: 85 ಶೇಕಡಾ ಫಾಸ್ಫಾರಿಕ್ ಆಸಿಡ್ ಮತ್ತು 98 ಶೇಕಡಾ ಸಲ್ಫ್ಯೂರಿಕ್ ಆಸಿಡ್. ಅಳತೆಯಲ್ಲಿ ಸಮಸಮ, ಅಥವಾ ಫಾಸ್ಫಾರಿಕ್ 60, ಸಲ್ಫ್ಯೂರಿಕ್ 40. ಬ್ಯಾಟರಿಗೆ ಹಾಕುವ ಆಸಿಡ್ ನಡೆಯದು, ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ ಇರುತ್ತದೆ. ಹನಿ ನೀರಾವರಿಯ ಪೈಪು ತೊಳೆಯಲು ಮಾರುವ ಫಾಸ್ಫಾರಿಕ್ ಆಸಿಡ್ ಬೇಡ, ಕೈಗಾರಿಕೆಯ ಶುದ್ಧ ದರ್ಜೆಯದನ್ನೇ ಕೇಳಿ.

2. ವಿದ್ಯುತ್: ವೋಲ್ಟೇಜು ಮತ್ತು ಆಂಪಿಯರ್ ಎರಡನ್ನೂ ತಿರುಗಿಸಿ ಹೊಂದಿಸಬಹುದಾದ, 0ರಿಂದ 15 ವೋಲ್ಟಿನ ಡಿಸಿ ರೆಕ್ಟಿಫಯರ್. ವೆಲ್ಡಿಂಗ್ ಮಶೀನು ಬೇಡ. ಹಳೆಯ ಟ್ರಾನ್ಸ್‌ಫಾರ್ಮರ್ ಮಶೀನು ಎಸಿ ಕೊಡುತ್ತದೆ, ಹೊಸ ಇನ್ವರ್ಟರ್ ಮಶೀನಿನ ಖಾಲಿ ವೋಲ್ಟೇಜು ಈ ಕೆಲಸಕ್ಕೆ ವಿಪರೀತ ಹೆಚ್ಚು.

3. ತೊಟ್ಟಿ: ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ಕೆಳಗೆ ಅದಕ್ಕಿಂತ ದೊಡ್ಡ ಪ್ಲಾಸ್ಟಿಕ್ ತಟ್ಟೆ ಇಡಿ, ಸೋರಿದರೆ ಅಲ್ಲೇ ನಿಲ್ಲುತ್ತದೆ. ಗಾಜಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕಾಯಿಸುವ ಉಪಾಯ ಬೇಡ. ಗಾಜು ಒಡೆದರೆ ಗಾಢ ಆಸಿಡ್ ಬಿಸಿನೀರಿಗೆ ಬಿದ್ದು ಮೈಮೇಲೆ ಸಿಡಿಯುತ್ತದೆ.

4. ಹೀಟರ್: ಟೆಫ್ಲಾನ್ ಹೊದಿಕೆಯ, ಥರ್ಮೋಸ್ಟಾಟ್ ಇರುವ ಹೀಟರ್. ಸ್ನಾನದ ನೀರು ಕಾಯಿಸುವ ಕಾಯಿಲ್ ಹಾಕಿದರೆ ಆಸಿಡ್ ಅದನ್ನು ತಿಂದು ಶಾಕ್ ಹೊಡೆಯುತ್ತದೆ.

5. ಮೈನಸ್ ಹಾಳೆ: 316 ಸ್ಟೀಲ್ ಅಥವಾ ಸೀಸದ ಹಾಳೆ. ವಿಸ್ತೀರ್ಣ ನಿಮ್ಮ ವಸ್ತುವಿನಷ್ಟಾದರೂ ಇರಲಿ, ಎರಡರಷ್ಟಿದ್ದರೆ ಒಳ್ಳೆಯದು.

6. ಕೊಕ್ಕೆ: ಟೈಟಾನಿಯಂ ಉತ್ತಮ. ತಾಮ್ರದ ತಂತಿಯಾದರೆ ಆಸಿಡ್ಡಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು. ಒಳಗೆ ಮುಳುಗಿದರೆ ತಾನೇ ಕರಗಿ ಆಸಿಡ್ಡನ್ನು ಕೆಡಿಸುತ್ತದೆ.

7. ನೀರು: ನಮ್ಮ ಬೋರ್‌ವೆಲ್ ನೀರು ಗಡಸು, ಹಲವೆಡೆ ಉಪ್ಪಿನ ಅಂಶ ಹೆಚ್ಚು. ಮೊದಲ ತೊಳೆತಕ್ಕೆ ಅದು ಸಾಕು. ಕೊನೆಯ ತೊಳೆತಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ತನ್ನಿ. ಅದಕ್ಕಿಂತ ಒಳ್ಳೆಯದು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರು.

ಆಸಿಡ್ ಕೊಳ್ಳುವಾಗ ಗುರುತಿನ ಚೀಟಿ ಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಟ್ಟಳೆ ವಿಧಿಸಿದೆ. ಕೊಳ್ಳುವವರ ವಿಳಾಸ, ಉದ್ದೇಶವನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು, 18 ವರ್ಷ ತುಂಬದವರಿಗೆ ಮಾರಬಾರದು. ಹೈದರಾಬಾದ್ ಅಥವಾ ಕಲಬುರಗಿಯಿಂದ ತರುವುದಾದರೆ ಬಸ್ಸಿನಲ್ಲಿ, ರೈಲಿನಲ್ಲಿ ಕೈಚೀಲಕ್ಕೆ ಹಾಕಿಕೊಂಡು ಬರಬೇಡಿ. ಮಾರುವವರ ವಾಹನದಲ್ಲಿಯೇ ತರಿಸಿ.

ಆಂಪಿಯರ್ ಲೆಕ್ಕ

ಈ ಕೆಲಸದಲ್ಲಿ ಅಂದಾಜು ನಡೆಯದು. ಒಂದು ಚದರ ಡೆಸಿಮೀಟರಿಗೆ, ಅಂದರೆ 100 ಚದರ ಸೆಂಟಿಮೀಟರಿಗೆ, 10ರಿಂದ 50 ಆಂಪಿಯರ್ ಕೊಡುವುದು ವಾಡಿಕೆ. ಕಲಿಯುವವರಿಗೆ 20 ಆಂಪಿಯರ್ ಒಳ್ಳೆಯ ಆರಂಭ.

ಒಂದು ಉದಾಹರಣೆ. 10 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಪಟ್ಟಿ. ಎರಡೂ ಮುಖ ಸೇರಿ 100 ಚದರ ಸೆಂಟಿಮೀಟರ್. ಆದ್ದರಿಂದ 20 ಆಂಪಿಯರ್ ಬೇಕು. 5 ನಿಮಿಷ ಹರಿಸಿದರೆ ಸುಮಾರು 1.67 ಆಂಪಿಯರ್-ಗಂಟೆ. ಫ್ಯಾರಡೆಯ ನಿಯಮದಂತೆ ಒಂದು ಆಂಪಿಯರ್-ಗಂಟೆಗೆ ಸುಮಾರು 1.04 ಗ್ರಾಂ ಕಬ್ಬಿಣ ಕರಗುತ್ತದೆ. ಈ ಲೆಕ್ಕದಲ್ಲಿ ಪಟ್ಟಿಯಿಂದ ಸುಮಾರು 1.7 ಗ್ರಾಂ ಲೋಹ ಹೋಗುತ್ತದೆ, ಪ್ರತಿ ಮುಖದಿಂದ ಸುಮಾರು 22 ಮೈಕ್ರಾನ್ ದಪ್ಪ. ವಿದ್ಯುತ್ತಿನ ಒಂದು ಭಾಗ ಗುಳ್ಳೆ ಏಳಿಸುವುದರಲ್ಲಿ ಖರ್ಚಾಗುವುದರಿಂದ ನಿಜವಾಗಿ ಕರಗುವುದು ಇದಕ್ಕಿಂತ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಉಗುರಿಗೆ ತಾಗುವ ಗ್ರೈಂಡರ್ ಗೆರೆ ಇಷ್ಟರಿಂದ ಅಳಿಯುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಈಗ ಐದಡಿ ಉದ್ದದ, ಎರಡು ಇಂಚಿನ ರೇಲಿಂಗ್ ಪೈಪಿನ ಲೆಕ್ಕ ಹಾಕಿ. ಹೊರಮೈ ಸುಮಾರು 24 ಚದರ ಡೆಸಿಮೀಟರ್. ಬೇಕಾದದ್ದು 480 ಆಂಪಿಯರ್. ಅದು ಅಂಗಡಿಯ ಮೂಲೆಯಲ್ಲಿ ಆಗುವ ಕೆಲಸವಲ್ಲ. ಚಿಕ್ಕ ತೊಟ್ಟಿ ಕೊಂಡಿ, ಕ್ಲಿಪ್ಪು, ದೀಪದ ತಟ್ಟೆ, ನಾಮಫಲಕ, ಯಂತ್ರದ ಬಿಡಿಭಾಗಗಳಿಗೆ ಸರಿ.

ಮಾಡುವ ಹಂತಗಳು

1. ಉಜ್ಜುವುದು. 120, 240, 320, 400 ನಂಬರಿನ ಎಮ್ರಿ ಕ್ರಮವಾಗಿ ಬಳಸಿ. ಪ್ರತಿ ಸಲ ದಿಕ್ಕು ಬದಲಿಸಿ, ಹಿಂದಿನ ನಂಬರಿನ ಗೆರೆ ಪೂರ್ತಿ ಮಾಯವಾಗುವವರೆಗೆ ಮುಂದಕ್ಕೆ ಹೋಗಬೇಡಿ. ಎಂ.ಎಸ್. ಉಜ್ಜಿದ ಡಿಸ್ಕು, ಕಬ್ಬಿಣದ ವೈರ್ ಬ್ರಶ್ ಸ್ಟೇನ್‌ಲೆಸ್ ಸ್ಟೀಲಿಗೆ ತಾಗಬಾರದು. ಒಂದೇ ಶೆಡ್ಡಿನಲ್ಲಿ ಎರಡೂ ಕೆಲಸ ನಡೆಯುತ್ತಿದ್ದರೆ ನಡುವೆ ಪರದೆ ಕಟ್ಟಿ. ಎಂ.ಎಸ್. ಕಿಡಿ ಸ್ಟೀಲಿನ ಮೇಲೆ ಬಿದ್ದರೆ ಅದೇ ಮುಂದೆ ಜಂಗಿನ ಚುಕ್ಕೆ.

2. ತೊಳೆಯುವುದು. ಎಣ್ಣೆ, ಬಫಿಂಗ್ ಮೇಣ ಪೂರ್ತಿ ಹೋಗಬೇಕು. ಬಿಸಿನೀರು, ಸೋಪಿನ ಪುಡಿ, ಮೆತ್ತಗಿನ ಬ್ರಶ್ ಸಾಕು. ಪರೀಕ್ಷೆ ಸುಲಭ: ತೊಳೆದ ಮೇಲೆ ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಶುದ್ಧವಾಗಿದೆ, ಅಲ್ಲಲ್ಲಿ ಮುರಿದು ಹನಿಹನಿಯಾದರೆ ಇನ್ನೂ ಜಿಡ್ಡಿದೆ. ಇದಾದ ಮೇಲೆ ಬರಿಗೈಲಿ ಮುಟ್ಟಬೇಡಿ. ನೀರು ಆರಲು ಬಿಡಿ, ಒದ್ದೆ ತುಂಡು ಆಸಿಡ್ಡಿಗೆ ನೀರು ಸೇರಿಸುತ್ತದೆ.

3. ಆಸಿಡ್ ಬೆರೆಸುವುದು. ಮೊದಲು ಫಾಸ್ಫಾರಿಕ್ ಹಾಕಿ. ಅದಕ್ಕೆ ಸಲ್ಫ್ಯೂರಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ, ಪ್ಲಾಸ್ಟಿಕ್ ಅಥವಾ ಗಾಜಿನ ಕೋಲಿನಿಂದ ಕಲಕುತ್ತ ಸೇರಿಸಿ. ಮಿಶ್ರಣ ತಾನೇ ಬಿಸಿಯಾಗುತ್ತದೆ, ಅವಸರ ಬೇಡ. ಗಾಢ ಆಸಿಡ್ಡಿಗೆ ನೀರನ್ನು ಯಾವತ್ತೂ ಸುರಿಯಬಾರದು.

4. ಬಿಸಿ ಮಾಡುವುದು. 55ರಿಂದ 70 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. ತಣ್ಣಗಿದ್ದರೆ ಜಿಗುಟು ಪದರ ವಿಪರೀತ ದಪ್ಪವಾಗಿ ಹೊಳಪು ಮಂಕಾಗುತ್ತದೆ. ಅತಿ ಬಿಸಿಯಾದರೆ ಪದರ ನಿಲ್ಲುವುದಿಲ್ಲ, ಲೋಹ ಸುಮ್ಮನೆ ಕೊರೆಯುತ್ತದೆ. ಕೆಲಸ ನಡೆದಂತೆ ವಿದ್ಯುತ್ತಿನಿಂದಲೂ ಆಸಿಡ್ ಕಾಯುತ್ತದೆ. ಚಿಕ್ಕ ತೊಟ್ಟಿಯಾದರೆ ಪ್ರತಿ ತುಂಡಿನ ನಂತರ ಥರ್ಮಾಮೀಟರ್ ನೋಡಿ.

5. ಜೋಡಿಸುವುದು. ಸ್ವಿಚ್ ಆಫ್ ಇರುವಾಗಲೇ ವಸ್ತುವನ್ನು ಪ್ಲಸ್ಸಿಗೆ, ಹಾಳೆಯನ್ನು ಮೈನಸ್ಸಿಗೆ ಬಿಗಿಯಾಗಿ ಕಟ್ಟಿ. ಎರಡರ ನಡುವೆ 5ರಿಂದ 10 ಸೆಂಟಿಮೀಟರ್ ಅಂತರ ಬಿಡಿ. ತಗ್ಗು ಭಾಗ ಕೆಳಮುಖವಾಗಿದ್ದರೆ ಗುಳ್ಳೆ ಅಲ್ಲೇ ಸಿಕ್ಕಿ ಗುರುತು ಬೀಳುತ್ತದೆ, ಆದ್ದರಿಂದ ಗುಳ್ಳೆ ಮೇಲೇರಿ ಹೋಗುವಂತೆ ಓರೆಯಾಗಿ ತೂಗುಬಿಡಿ.

6. ವಿದ್ಯುತ್ ಕೊಡುವುದು. ವೋಲ್ಟೇಜನ್ನು ಸೊನ್ನೆಯಿಂದ ನಿಧಾನ ಏರಿಸಿ. ಮೊದಲು ಆಂಪಿಯರ್ ಜೊತೆಜೊತೆಗೇ ಏರುತ್ತದೆ. ಒಂದು ಹಂತದಲ್ಲಿ ವೋಲ್ಟೇಜು ಏರಿದರೂ ಆಂಪಿಯರ್ ಹೆಚ್ಚು ಕದಲುವುದಿಲ್ಲ. ಜಿಗುಟು ಪದರ ಕಟ್ಟಿತೆಂಬುದಕ್ಕೆ ಅದೇ ಗುರುತು. ಸಾಮಾನ್ಯವಾಗಿ 8ರಿಂದ 12 ವೋಲ್ಟಿನೊಳಗೆ ಕೆಲಸ ಮುಗಿಯುತ್ತದೆ. ಇದಕ್ಕಿಂತ ಕಡಿಮೆಯಲ್ಲಿ ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿ ಕೊರೆಯುತ್ತದೆ. ಬಹಳ ಹೆಚ್ಚಾದರೆ ಆಮ್ಲಜನಕದ ಗುಳ್ಳೆ ಜೋರಾಗಿ ಎದ್ದು ಗುಳಿ ಬೀಳುತ್ತದೆ.

7. ಸಮಯ. 2ರಿಂದ 3 ನಿಮಿಷಕ್ಕೆ ಒಮ್ಮೆ ಸ್ವಿಚ್ ಆಫ್ ಮಾಡಿ, ತೆಗೆದು, ತೊಳೆದು, ಒರೆಸಿ ನೋಡಿ. ಸಾಲದಿದ್ದರೆ ಮತ್ತೆ ಇಳಿಸಿ. ಒಟ್ಟು 5ರಿಂದ 10 ನಿಮಿಷ ಸಾಕು. ಅದಕ್ಕೂ ಹೊಳಪು ಬರದಿದ್ದರೆ ದೋಷ ಬೇರೆಲ್ಲೋ ಇದೆ, ಸಮಯ ಹೆಚ್ಚಿಸಿ ಫಲವಿಲ್ಲ.

8. ಅಲುಗಾಟ. ವಸ್ತುವನ್ನು ಮೆಲ್ಲಗೆ ಅತ್ತಿತ್ತ ಆಡಿಸಿದರೆ ಗುಳ್ಳೆಯ ಗೆರೆ ಮೂಡುವುದಿಲ್ಲ. ಜೋರಾಗಿ ಕಲಕಿದರೆ ಪದರ ಹರಿದು ಏರುತಗ್ಗು ಹಾಗೇ ಉಳಿಯುತ್ತದೆ.

9. ಕೊನೆಯ ತೊಳೆತ. ಎರಡು ಬಕೆಟ್ ನೀರಿನಲ್ಲಿ ಒಂದಾದ ಮೇಲೊಂದರಂತೆ ಅದ್ದಿ, ಬಳಿಕ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒಂದು ನಿಮಿಷ ಇಡಿ. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ತಕ್ಷಣ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ನೀರು ಕ್ಷಣದಲ್ಲಿ ಆರಿ ಸುಣ್ಣದ ಚುಕ್ಕೆ ಬಿಡುತ್ತದೆ.

ಕೆಲಸದ ನಡುವೆ ಕರೆಂಟ್ ಹೋದರೆ ವಸ್ತುವನ್ನು ತೊಟ್ಟಿಯಲ್ಲೇ ಬಿಟ್ಟು ಕಾಯಬೇಡಿ. ವಿದ್ಯುತ್ತಿಲ್ಲದ ಬಿಸಿ ಆಸಿಡ್ ಹೊಳಪನ್ನು ತಿನ್ನುತ್ತದೆ. ರೆಕ್ಟಿಫಯರ್ ಆಫ್ ಮಾಡಿ, ವಸ್ತುವನ್ನೂ ಮೈನಸ್ ಹಾಳೆಯನ್ನೂ ಎತ್ತಿ ತೊಳೆದಿಡಿ.

ಹಾಕಿದ ರೇಲಿಂಗಿಗೆ ಬ್ರಶ್ ವಿಧಾನ

ಕಟ್ಟಡದಲ್ಲಿ ಕೂರಿಸಿದ ರೇಲಿಂಗನ್ನು ತೊಟ್ಟಿಗೆ ಇಳಿಸಲಾಗದು. ಅದಕ್ಕೆ ಬೆಸುಗೆ ಶುಚಿ ಮಾಡುವ ಬ್ರಶ್ ಯಂತ್ರ ಬಂದಿದೆ. ಕಾರ್ಬನ್ ನಾರಿನ ಬ್ರಶ್ಶನ್ನು ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣದಲ್ಲಿ ಅದ್ದಿ, ಯಂತ್ರದ ಇನ್ನೊಂದು ತಂತಿಯನ್ನು ರೇಲಿಂಗಿಗೆ ಕಚ್ಚಿಸಿ, ಬೆಸುಗೆಯ ಮೇಲೆ ಸವರುವುದು. ಆರ್ಗಾನ್ ಬೆಸುಗೆಯ ನೀಲಿ ಬಣ್ಣ ಕಣ್ಣೆದುರೇ ಹೋಗುತ್ತದೆ. ಕೆಲವು ಯಂತ್ರಗಳಲ್ಲಿ ಶುಚಿಗೆ ಎಸಿ, ಹೊಳಪಿಗೆ ಡಿಸಿ ಎಂದು ಎರಡು ಆಯ್ಕೆ ಇರುತ್ತದೆ.

ಇಲ್ಲಿ ನೆನಪಿಡಬೇಕಾದದ್ದು ಮೂರು. ಬ್ರಶ್ ಸದಾ ಒದ್ದೆಯಾಗಿರಬೇಕು, ಒಣಗಿದರೆ ಕಿಡಿ ಹಾರಿ ಕಪ್ಪು ಚುಕ್ಕೆ ಬೀಳುತ್ತದೆ. ಒಂದೇ ಕಡೆ ನಿಲ್ಲಿಸಬಾರದು. ಮುಗಿದ ಮೇಲೆ ಸೋಡಾ ನೀರು, ಬಳಿಕ ಶುದ್ಧ ನೀರಿನಿಂದ ಒರೆಸಲೇಬೇಕು, ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ಮಾರ್ಬಲ್, ಗ್ರಾನೈಟ್ ಮೆಟ್ಟಿಲಿದ್ದರೆ ಕೆಳಗೆ ಪ್ಲಾಸ್ಟಿಕ್ ಹಾಸಿ. ಮಾರ್ಬಲ್ ಮೇಲೆ ಆಸಿಡ್ಡಿನ ಒಂದು ಹನಿ ಬಿದ್ದರೂ ಗುರುತು ಶಾಶ್ವತ.

ರೇಲಿಂಗ್ ಕೆಲಸವೇ ಹೆಚ್ಚಿರುವ ಅಂಗಡಿಗೆ ತೊಟ್ಟಿಗಿಂತ ಈ ಯಂತ್ರವೇ ಲಾಭದ್ದು. ಗಿರಾಕಿ ದೂರುವುದು ಪೈಪಿನ ಹೊಳಪಿನ ಬಗ್ಗೆ ಅಲ್ಲ, ಬೆಸುಗೆಯ ಜಂಗಿನ ಬಗ್ಗೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪ್ಲಸ್, ಮೈನಸ್ ಅದಲುಬದಲು: ವಸ್ತುವಿನಿಂದ ಹೈಡ್ರೋಜನ್ ಗುಳ್ಳೆ ದಟ್ಟವಾಗಿ ಏಳುತ್ತದೆ, ಹೊಳಪು ಬರುವುದಿಲ್ಲ, ಕೆಲವೊಮ್ಮೆ ಕಪ್ಪಾಗುತ್ತದೆ. ತಂತಿಗೆ ಕೆಂಪು, ಕಪ್ಪು ಬಣ್ಣದ ಗುರುತು ಹಾಕಿಟ್ಟುಕೊಳ್ಳಿ.

ಉಪ್ಪು ನೀರು ಅಥವಾ ಪಾಯಖಾನೆ ತೊಳೆಯುವ ಆಸಿಡ್ ಬಳಸುವುದು: ಎರಡರಲ್ಲೂ ಕ್ಲೋರೈಡ್ ಇದೆ. ಸ್ಟೀಲಿನಲ್ಲಿ ಗುಳಿ ಬೀಳುತ್ತದೆ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬೋರ್‌ವೆಲ್ ನೀರು ಪದೇಪದೇ ತೊಟ್ಟಿಗೆ ಬಿದ್ದರೂ ನಿಧಾನವಾಗಿ ಇದೇ ದೋಷ.

ತೊಟ್ಟಿ ತೆರೆದಿಡುವುದು: ಈ ಮಿಶ್ರಣ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಮುಚ್ಚದೆ ಬಿಟ್ಟರೆ ನೀರು ಹೆಚ್ಚಾಗಿ ಹೊಳಪಿನ ಬದಲು ಮಬ್ಬು ಬರುತ್ತದೆ. ಕೆಲಸ ಮುಗಿದು ಆಸಿಡ್ ತಣಿದ ಮೇಲೆ ಮುಚ್ಚಳ ಹಾಕಿ.

ಅಂಚುಗಳು ಹೆಚ್ಚು ಕರಗುವುದು: ವಿದ್ಯುತ್ ಚೂಪಾದ ಅಂಚಿಗೆ ಮುತ್ತುತ್ತದೆ. ಸಣ್ಣ ಚೂರುಮುಳ್ಳು ತೆಗೆಯಲು ಇದು ವರ, ಅಳತೆ ಬಿಗಿಯಾದ ಭಾಗಕ್ಕೆ ಶಾಪ. ಥ್ರೆಡ್ ಇದ್ದಲ್ಲಿ ಆಸಿಡ್ ತಡೆಯುವ ಟೇಪ್ ಸುತ್ತಿ.

ಕೊಕ್ಕೆ ಸಡಿಲ: ತಾಗಿದ ಜಾಗ ಸುಟ್ಟು ಕಪ್ಪು ಗುರುತಾಗುತ್ತದೆ. ಕಣ್ಣಿಗೆ ಬೀಳದ ಮಗ್ಗುಲಲ್ಲಿ, ಬಿಗಿಯಾಗಿ ಕಚ್ಚಿಸಿ.

ಹಳೆಯ ಆಸಿಡ್ಡನ್ನೇ ಎಳೆಯುವುದು: ಕರಗಿದ ಕಬ್ಬಿಣ ಹೆಚ್ಚಿದಂತೆ ಹೊಳಪು ಕುಗ್ಗುತ್ತದೆ, ತಳದಲ್ಲಿ ಹಸಿರು ಗಸಿ ಕೂರುತ್ತದೆ. ಎಷ್ಟು ಆಂಪಿಯರ್-ಗಂಟೆ ಓಡಿಸಿದಿರೆಂದು ಒಂದು ವಹಿಯಲ್ಲಿ ಬರೆದಿಟ್ಟರೆ ಬದಲಿಸುವ ಹೊತ್ತು ತಾನೇ ಗೊತ್ತಾಗುತ್ತದೆ.

ಎಚ್ಚರಿಕೆ

1. ಮುಖ ಪೂರ್ತಿ ಮುಚ್ಚುವ ಶೀಲ್ಡ್, ಅದರ ಒಳಗೆ ಕನ್ನಡಕ, ಮೊಣಕೈವರೆಗಿನ ದಪ್ಪ ನಿಯೋಪ್ರೀನ್ ಗ್ಲೌಸು, ರಬ್ಬರ್ ಏಪ್ರನ್, ಗಮ್ ಬೂಟು. ಆಸ್ಪತ್ರೆಯ ತೆಳು ಗ್ಲೌಸು ಗಾಢ ಸಲ್ಫ್ಯೂರಿಕ್ಕಿಗೆ ತಡೆಯಲ್ಲ.

2. ಮೈನಸ್ ಹಾಳೆಯಿಂದ ಹೈಡ್ರೋಜನ್ ಏಳುತ್ತದೆ. ಶೆಡ್ಡಿನ ಎರಡೂ ಬದಿ ತೆರೆದಿರಲಿ, ಫ್ಯಾನ್ ಆವಿಯನ್ನು ಹೊರಕ್ಕೆ ತಳ್ಳಲಿ. ಬೀಡಿ, ಗ್ರೈಂಡರ್, ಬೆಸುಗೆ ಹತ್ತಿರ ಬರಬಾರದು. ವಿದ್ಯುತ್ ಹರಿಯುತ್ತಿರುವಾಗ ತಂತಿ ಕಳಚಿದರೆ ಏಳುವ ಒಂದು ಕಿಡಿಯೂ ಸಾಕು, ನೊರೆಯಲ್ಲಿ ಸಿಕ್ಕ ಅನಿಲ ಸಿಡಿಯುತ್ತದೆ.

3. ಆಸಿಡ್ ತಾಗಿದರೆ ತಕ್ಷಣ ಬಟ್ಟೆ ಕಳಚಿ ಹರಿಯುವ ನೀರಿನಡಿ ಕನಿಷ್ಠ 20 ನಿಮಿಷ ಹಿಡಿಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿಸಿ. ಕಣ್ಣಿಗೆ, ಚರ್ಮಕ್ಕೆ ಸೋಡಾ ಹಾಕಬೇಡಿ. ತೊಟ್ಟಿಯ ಪಕ್ಕದಲ್ಲಿ ನಲ್ಲಿ ಇಲ್ಲದ ಕಡೆ ಈ ಕೆಲಸವನ್ನೇ ಶುರು ಮಾಡಬೇಡಿ.

4. ಅಲ್ಯೂಮಿನಿಯಂ, ಜಿಐ ವಸ್ತುಗಳನ್ನು ಈ ಆಸಿಡ್ಡಿಗೆ ಹಾಕಬಾರದು.

5. ಹಳೆಯ ಪುಸ್ತಕಗಳಲ್ಲಿ ಪರ್ಕ್ಲೋರಿಕ್ ಆಸಿಡ್ ಬಳಸುವ ಪಾಲಿಶ್ ವಿಧಾನಗಳಿವೆ. ಅವುಗಳ ಹತ್ತಿರ ಸುಳಿಯಬೇಡಿ. 1947ರ ಫೆಬ್ರವರಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನ ಒಂದು ಕಾರ್ಖಾನೆಯಲ್ಲಿ ಪರ್ಕ್ಲೋರಿಕ್ ಆಸಿಡ್ ಇದ್ದ ಪಾಲಿಶ್ ತೊಟ್ಟಿ ಸ್ಫೋಟಿಸಿ 17 ಜನ ಸತ್ತರು, ಸುತ್ತಲಿನ ಕಟ್ಟಡಗಳು ನೆಲಕಚ್ಚಿದವು.

ಉಳಿದ ಆಸಿಡ್ ಎಲ್ಲಿಗೆ?

ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ರಾಸಾಯನಿಕ ತ್ಯಾಜ್ಯ, ದುರ್ವಾಸನೆಯ ದೂರು ಬಹಳ ದಿನಗಳಿಂದ ಇದೆ. ಒಂದು ಚಿಕ್ಕ ತೊಟ್ಟಿಯಿಂದ ಏನಾದೀತು ಎನ್ನಬೇಡಿ. ಬಳಸಿದ ಆಸಿಡ್ಡಿನಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ, ನಿಕ್ಕೆಲ್ ಕರಗಿರುತ್ತವೆ. ಚರಂಡಿಗೆ ಚೆಲ್ಲಿದ್ದು ಹಳ್ಳಕ್ಕೆ, ಹಳ್ಳದ್ದು ಭೀಮೆಗೋ ಕೃಷ್ಣೆಗೋ ಸೇರುತ್ತದೆ. ಹಿತ್ತಲಲ್ಲಿ ಇಂಗಿಸಿದ್ದು ಬೋರ್‌ವೆಲ್ಲಿಗೆ ಇಳಿಯುತ್ತದೆ.

ತೊಳೆದ ನೀರನ್ನು ಡ್ರಮ್ಮಿನಲ್ಲಿ ಕೂಡಿಟ್ಟು, ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪ ಸೇರಿಸಿ ಪಿಎಚ್ ಕಾಗದದಲ್ಲಿ 8ರಿಂದ 9 ಬರುವವರೆಗೆ ಕಲಕಿ. ಲೋಹಗಳು ಗಸಿಯಾಗಿ ಕೆಳಗೆ ಕೂರುತ್ತವೆ. ಗಸಿಯನ್ನು ಒಣಗಿಸಿ, ಹೆಸರು ಬರೆದ ಡಬ್ಬಿಯಲ್ಲಿ ಮುಚ್ಚಿಡಿ. ಬಳಸಿ ಮುಗಿದ ಗಾಢ ಆಸಿಡ್ಡಿಗೆ ಸುಣ್ಣ ಸುರಿಯಲು ಹೋಗಬೇಡಿ, ಅದು ಕುದಿದು ಉಕ್ಕುತ್ತದೆ. ಅದನ್ನು ತಂದ ಕ್ಯಾನಿನಲ್ಲೇ ತುಂಬಿಡಿ. ಗಸಿ, ಆಸಿಡ್ ಎರಡೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತವೆ, ಅಧಿಕೃತ ಸಂಸ್ಥೆಗೇ ಒಪ್ಪಿಸಬೇಕು. ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿ ಇಂಥ ತ್ಯಾಜ್ಯ ವಿಲೇವಾರಿ ಕೇಂದ್ರವಿದೆ. ವ್ಯಾಪಾರಕ್ಕಾಗಿ ತೊಟ್ಟಿ ಇಡುವವರು ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಲೋಹದ ಮೇಲ್ಮೈ ಸಂಸ್ಕರಣೆ ಕೆಂಪು ವರ್ಗದ ಉದ್ದಿಮೆ.

ನಿಮಗೆ ಯಾವುದು ಸರಿ?

ಹಾಕಿದ ರೇಲಿಂಗಿನ ಬೆಸುಗೆಗೆ ಬ್ರಶ್ ಯಂತ್ರ ಕೊಳ್ಳಿ. ಐಟಿಐ ಪ್ರಯೋಗಕ್ಕೆ ಅಂಗೈ ಅಗಲದ ತುಂಡು, ಅಧ್ಯಾಪಕರ ಕಣ್ಗಾವಲು, ಎರಡು ಲೀಟರಿನ ತೊಟ್ಟಿ ಸಾಕು. ಬಿಡಿಭಾಗಗಳ ಆರ್ಡರ್ ನಿಯಮಿತವಾಗಿ ಬರುವುದಾದರೆ ಮಾತ್ರ ಒಪ್ಪಿಗೆ ಪಡೆದು ಸ್ವಂತ ತೊಟ್ಟಿ ಇಡಿ. ಉದ್ದದ ಪೈಪು, ಡೇರಿ ಅಥವಾ ಔಷಧ ಕಾರ್ಖಾನೆಯ ಪಾತ್ರೆ ಬಂದರೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಜಾಬ್ ವರ್ಕ್ ಘಟಕಕ್ಕೆ ಕಳಿಸಿ. ನಮಗೆ ಹೈದರಾಬಾದ್ ಇನ್ನೂ ಹತ್ತಿರ.

ಹೊರಗೆ ಕೊಡುವಾಗ “ಮಿರರ್ ಫಿನಿಶ್ ಬೇಕು” ಎಂದಷ್ಟೇ ಹೇಳಿದರೆ ಸಾಲದು. ಲೋಹದ ಗ್ರೇಡ್, ಕೊಡುವ ಮುನ್ನ ಎಷ್ಟು ನಂಬರಿನವರೆಗೆ ಉಜ್ಜಿದ್ದೀರಿ, ಎಷ್ಟು ಮೈಕ್ರಾನ್ ಕರಗಿದರೆ ನಡೆಯುತ್ತದೆ, ಕೊಕ್ಕೆಯ ಗುರುತು ಎಲ್ಲಿದ್ದರೆ ಪರವಾಗಿಲ್ಲ ಎಂಬ ನಾಲ್ಕನ್ನೂ ಬಿಲ್ಲಿನ ಮೇಲೆ ಬರೆಸಿ. ಈ ಕೆಲಸಕ್ಕೆ ಐಎಸ್‌ಒ 15730 ಎಂಬ ಅಂತರರಾಷ್ಟ್ರೀಯ ಮಾನಕವಿದೆ, ಅದರಂತೆ ಮಾಡುತ್ತೀರಾ ಎಂದು ಕೇಳಿ. ಜೊತೆಗೆ ಅದೇ ಪೈಪಿನ ಒಂದು ತುಂಡನ್ನು ನಮೂನೆಯಾಗಿ ಕೊಟ್ಟು, ಅದು ಒಪ್ಪಿಗೆಯಾದ ಮೇಲೆಯೇ ಪೂರ್ತಿ ಮಾಲು ಕಳಿಸಿ.